ವಾರ್ಕಾ ಪಾತ್ರೆ: ಆ ಎರಡು ಕಂಬಗಳ ತಲೆನೋವು

ವಾರ್ಕಾ ಪಾತ್ರೆಯ ಕೆತ್ತನೆ ಬಗ್ಗೆ ಪರೀಕ್ಷೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ಮೊದಲು ಬೇಗ ಮುಗಿಯುವ ವಿಷಯ. ಇದು ಸುಮೇರಿಯಾದ ಉರುಕ್ ಪಟ್ಟಣದ ಕಲ್ಲಿನ ಪಾತ್ರೆ. ಆ ಜಾಗದ ಈಗಿನ ಹೆಸರು ವಾರ್ಕಾ, ಇರುವುದು ದಕ್ಷಿಣ ಇರಾಕಿನಲ್ಲಿ. ಕಾಲ ಸುಮಾರು ಕ್ರಿ.ಪೂ. 3200–3000. ಅಲಾಬಾಸ್ಟರ್ ಕಲ್ಲು, ಎತ್ತರ ಹೆಚ್ಚುಕಡಿಮೆ 1 ಮೀಟರ್. ಇನಾನ್ನಾ ದೇವಿಯ ಗುಡಿಯ ಆವರಣದಲ್ಲಿ 1933–34ರಲ್ಲಿ ಅಗೆಯುತ್ತಿದ್ದ ಜರ್ಮನ್ ತಂಡಕ್ಕೆ ಸಿಕ್ಕಿತು.

ಕೆತ್ತನೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ನಾನು ಮೇಲಿಂದ ಶುರು ಮಾಡಿ ಒಂದು ಸಂಜೆ ಸುಮ್ನೆ ಹಾಳು ಮಾಡಿಕೊಂಡೆ. ನೀರು, ಪೈರು, ಕುರಿ-ಟಗರು, ಬುಟ್ಟಿ-ಗಡಿಗೆ ಹೊತ್ತ ಬೆತ್ತಲೆ ಗಂಡಸರು, ಕೊನೆಗೆ ಒಬ್ಬ ಹೆಂಗಸು.

ಎಡವಿದ್ದು ಈ ಹೆಂಗಸಿನ ಹತ್ತಿರ. ಇವಳು ಇನಾನ್ನಾನಾ, ಪೂಜಾರಿಣಿಯಾ? ಬೆನ್ನ ಹಿಂದೆ ಎರಡು ಕಂಬ ಇವೆ. ನನಗಂತೂ ಕೊಡೆಯ ಹಿಡಿ ತಲೆಕೆಳಗಾಗಿ ನಿಂತ ಹಾಗೆ ಕಂಡಿತು. ಅವು ಜೊಂಡಿನ ಕಂತೆಗಳು. ಜೊಂಡನ್ನು ಬಿಗಿಯಾಗಿ ಕಟ್ಟಿ, ತುದಿ ಬಗ್ಗಿಸಿ ಬಳೆ ಥರ ಸುತ್ತಿ, ಉಳಿದದ್ದನ್ನು ಹಿಂದಕ್ಕೆ ಇಳಿಬಿಟ್ಟಿದ್ದಾರೆ. ಆ ಕಡೆ ಒಳ್ಳೆಯ ಮರ ಅಪರೂಪ, ಜೌಗಿನ ಜೊಂಡು ಬೇಕಾದಷ್ಟು. ಬಾಗಿಲ ಎರಡೂ ಪಕ್ಕ ಇಂಥ ಕಂಬ ನಿಲ್ಲಿಸುತ್ತಿದ್ದರು. ಇದೇ ಆಕಾರ ಬರವಣಿಗೆಯಲ್ಲಿ ಇನಾನ್ನಾಳ ಹೆಸರಿನ ಗುರುತಾಯಿತು.

ಹಾಗಾದರೆ ಇವಳು ಇನಾನ್ನಾನೇ ಅಲ್ವಾ? ನಾನೂ ಹಾಗೇ ಬರೆದು ಹೊಡೆದುಹಾಕಿದೆ. ಕಂಬ ನೋಡಿ ಮನೆ ಯಾರದು ಅಂತ ಗೊತ್ತಾಗುತ್ತದೆ, ಅಷ್ಟೇ. ಬಾಗಿಲಿಗೆ ಬಂದವಳು ಮನೆಯೊಡತಿಯೇ ಆಗಬೇಕಿಲ್ಲ. ಮುಂದಿನ ಕಾಲದ ಕೆತ್ತನೆಗಳಲ್ಲಿ ದೇವರಿಗೆ ಕೊಂಬಿನ ಕಿರೀಟ ಇರುತ್ತದೆ, ಗುರುತಿಸುವುದು ಸುಲಭ. ಇಲ್ಲಿ ಅವಳ ತಲೆಯ ಹತ್ತಿರವೇ ಪಾತ್ರೆ ಒಡೆದು, ಆ ಕಾಲದಲ್ಲೇ ತೇಪೆ ಹಾಕಿದ್ದಾರೆ! ಅದಕ್ಕೇ ಉತ್ತರದಲ್ಲಿ ಎರಡೂ ಸಾಧ್ಯತೆ ಬರೆಯಿರಿ.

ಕಂಬಗಳ ಆಚೆ ಗುಡಿಯ ಉಗ್ರಾಣ. ಅಲ್ಲಿ ಇದೇ ಪಾತ್ರೆಯಂಥ ಎರಡು ಪಾತ್ರೆಗಳನ್ನು ಕೆತ್ತಿದ್ದಾರೆ. ನನಗೆ ಜಾಸ್ತಿ ಇಷ್ಟವಾದ ಮೂಲೆ ಇದು.

2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯಾದಾಗ ಇದನ್ನೂ ಕಿತ್ತುಕೊಂಡು ಹೋದರು. ಜೂನ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಚೂರುಚೂರಾಗಿ ವಾಪಸ್ ಬಂತು.

ಮೇಲಿನ ಸಾಲಿನಲ್ಲಿ ಆ ಹೆಂಗಸಿನ ಕಡೆಗೆ ಬರುತ್ತಿದ್ದ ರಾಜನನ್ನು ಹುಡುಕಿ ಸುಸ್ತಾಗಬೇಡಿ. ಅಗೆದು ತೆಗೆದಾಗಲೇ ಪಾತ್ರೆಯ ಆ ಭಾಗ ಮುರಿದುಹೋಗಿತ್ತು. ಉಳಿದಿರುವುದು ಒಂದು ಪಾದ, ಬಟ್ಟೆಯ ಅಂಚು, ಮತ್ತು ಅವನ ನಡುಪಟ್ಟಿಯ ಕುಚ್ಚನ್ನು ಹಿಡಿದು ಹಿಂದೆ ನಿಂತಿರುವ ಆಳು.