ಪದ ಪರಿಚಯ: ಲುಮಿನಾಸಿಟಿ ಮಾಸ್ಕ್

ಭೂದೃಶ್ಯ ಛಾಯಾಗ್ರಹಣದ ಯಾವ ಕಾರ್ಯಾಗಾರಕ್ಕೆ ಹೋದರೂ ಎರಡನೇ ದಿನದ ಮಧ್ಯಾಹ್ನ, ಲ್ಯಾಪ್‌ಟಾಪ್ ತೆಗೆಯುವ ಹೊತ್ತಿಗೆ, ಈ ಪದ ಕಿವಿಗೆ ಬೀಳುತ್ತದೆ. ಕೇಳಲು ದೊಡ್ಡದಾಗಿದ್ದರೂ ಒಳಗಿನ ವಿಚಾರ ಸಣ್ಣದು. ಚಿತ್ರದ ಒಂದು ಭಾಗಕ್ಕಷ್ಟೇ ತಿದ್ದುಪಡಿ ತಾಗಲಿ ಎಂದು ಹಾಕುವ ಮರೆಯೇ ಮಾಸ್ಕ್. ಮಾಸ್ಕ್ ಬಿಳಿ ಇದ್ದಲ್ಲಿ ತಿದ್ದುಪಡಿ ಪೂರ್ತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಸ್ವಲ್ಪವೂ ಕಾಣುವುದಿಲ್ಲ, ಬೂದು ಇದ್ದಲ್ಲಿ ಆ ಬೂದಿನ ಮಟ್ಟಕ್ಕೆ ತಕ್ಕಷ್ಟು ಕಾಣುತ್ತದೆ. ಸಾಮಾನ್ಯ ಮಾಸ್ಕನ್ನು ಬ್ರಷ್ ಹಿಡಿದು ನಾವೇ ಬಳಿಯುತ್ತೇವೆ. ಲುಮಿನಾಸಿಟಿ ಮಾಸ್ಕನ್ನು ಯಾರೂ ಬಳಿಯುವುದಿಲ್ಲ. ಚಿತ್ರದ್ದೇ ಕಪ್ಪುಬಿಳುಪು ಪ್ರತಿ ಮಾಸ್ಕಾಗಿ ಕೂರುತ್ತದೆ. ಎಲ್ಲಿ ಬೆಳಕು ಹೆಚ್ಚೋ ಅಲ್ಲಿ ಮಾಸ್ಕ್ ತಾನಾಗಿ ಬೆಳ್ಳಗಿರುತ್ತದೆ.

ಇದು ಯಾಕೆ ಬೇಕು ಎನ್ನುವುದಕ್ಕೆ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋದರೆ ಸಾಕು. ಅಲ್ಲಿನ ಬಂಡೆಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಆಕಾಶಕ್ಕೆ ಎದುರಾಗಿ. ಆ ರೂಪ ಇರುವುದೇ ಗುಡ್ಡ ಮತ್ತು ಆಕಾಶ ಸೇರುವ ಗೆರೆಯಲ್ಲಿ. ಬೆಳಕು ಗುಡ್ಡದ ಹಿಂದಿನಿಂದ ಬರುವ ಹೊತ್ತಿಗೆ ಕ್ಯಾಮೆರಾ ಹಿಡಿದರೆ ಎರಡರಲ್ಲಿ ಒಂದು ಕೆಡುತ್ತದೆ. ಆಕಾಶಕ್ಕೆ ಬೆಳಕು ಹೊಂದಿಸಿದರೆ ಕಾಲುವೆ ನೀರಿನ ಭತ್ತದ ಗದ್ದೆ ಕಾಡಿಗೆಯಂತಾಗುತ್ತದೆ, ಗದ್ದೆಗೆ ಹೊಂದಿಸಿದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಯಾಮೆರಾ ಒಂದೇ ಸಲಕ್ಕೆ ಹಿಡಿಯಬಲ್ಲ ಕತ್ತಲು-ಬೆಳಕಿನ ಅಂತರಕ್ಕೆ ಡೈನಾಮಿಕ್ ರೇಂಜ್ ಎನ್ನುತ್ತಾರೆ. ಅದನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು. ಇವತ್ತಿನ ಒಳ್ಳೆಯ ಫುಲ್ ಫ್ರೇಮ್ ಸೆನ್ಸರ್, ಅಂದರೆ ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಾದ ಬೆಳಕು ಹಿಡಿಯುವ ಚಿಪ್, ಸುಮಾರು 14 ಸ್ಟಾಪ್ ಹಿಡಿಯುತ್ತದೆ. ನೇರ ಸೂರ್ಯ ಚೌಕಟ್ಟಿನೊಳಗೆ ಬಂದರೆ ಅದೂ ಸಾಲದು.

ತಕರಾರು ಹೊಸದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಚಿತ್ರಗಳಿಗೆ ಆಕಾಶಕ್ಕೊಂದು, ನೀರಿಗೊಂದು ಎಂದು ಎರಡು ನೆಗೆಟಿವ್ ಬಳಸಿ ಒಂದೇ ಮುದ್ರಣದಲ್ಲಿ ಕೂಡಿಸಿದ್ದ. ಆಗಿನ ನೆಗೆಟಿವ್‌ಗಳಿಗೆ ನೀಲಿ ಬೆಳಕೆಂದರೆ ಅತಿ ಚುರುಕು, ಆಕಾಶ ಬೇಗ ಸುಟ್ಟುಹೋಗುತ್ತಿತ್ತು. ಕಡಲಿಗೆ ಒಂದು ಅನುಕೂಲ ಇದೆ: ದಿಗಂತ ನೆಟ್ಟಗಿರುತ್ತದೆ, ಅಲ್ಲಿ ಜೋಡಿಸಿದರೆ ಹೊಲಿಗೆ ಕಾಣುವುದಿಲ್ಲ. ಆಮೇಲೆ ಬಂದ ಗ್ರಾಜುಯೇಟೆಡ್ ಎನ್‌ಡಿ ಫಿಲ್ಟರ್‌ಗೂ ಅದೇ ಗುಣ, ಅದೇ ದೋಷ. ಲೆನ್ಸಿನ ಮುಂದೆ ಇಡುವ ಈ ಗಾಜಿನ ಮೇಲರ್ಧ ಕಪ್ಪು, ಕೆಳಗೆ ತಿಳಿ. ಕಲಬುರಗಿ ಸುತ್ತಲಿನ ಎರೆಹೊಲದಲ್ಲಿ ಕಣ್ಣು ಹಾಯುವಷ್ಟು ದೂರ ತೊಗರಿ, ಮೇಲೆ ಆಕಾಶ. ಅಲ್ಲಿ ಈ ಫಿಲ್ಟರ್ ಸಾಕು, ಬೇರೆ ಯಾವ ಮಾಸ್ಕೂ ಬೇಡ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಅದೇ ಫಿಲ್ಟರ್ ಹಾಕಿ ನೋಡಿ. ಬಹಮನಿ ಗುಂಬಜುಗಳ ನೆತ್ತಿ ಎಲ್ಲ ಮಸಿ ಹಿಡಿದಂತೆ ಕಪ್ಪಾಗುತ್ತದೆ. ಅದರಲ್ಲೂ ಹುಮಾಯೂನ್ ಷಾನ ಗೋರಿಯ ಗುಂಬಜು ಸಿಡಿಲಿಗೆ ಸೀಳಿ ಅರ್ಧ ಬಿದ್ದದ್ದು. ಮುರಿದ ಅಂಚಿನ ಒಂದೊಂದು ಇಟ್ಟಿಗೆಯ ನಡುವೆಯೂ ಆಕಾಶ ನುಗ್ಗಿರುತ್ತದೆ. ನೆಟ್ಟಗಿನ ಗೆರೆಗೆ ಅಲ್ಲಿ ಕೆಲಸವಿಲ್ಲ, ಬ್ರಷ್ ಹಿಡಿದು ಅದರ ಅಂಚು ಬಳಿಯುವಷ್ಟು ತಾಳ್ಮೆ ನನಗಂತೂ ಇಲ್ಲ.

ಲುಮಿನಾಸಿಟಿ ಮಾಸ್ಕ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಣದಲ್ಲಿ ರಾಶಿಯನ್ನು ಗಾಳಿಗೆ ತೂರಿದಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ, ನಡುತೂಕದ್ದು ನಡುವೆ ಬೀಳುತ್ತದೆ. ಯಾರೂ ಗೆರೆ ಎಳೆಯುವುದಿಲ್ಲ. ಇಲ್ಲಿಯೂ ಒಂದೊಂದು ಪಿಕ್ಸೆಲ್ ತನ್ನ ಬೆಳಕಿನ ತೂಕದ ಪ್ರಕಾರ ಆಯ್ಕೆಯಾಗುತ್ತದೆ. 8 ಬಿಟ್ ಚಿತ್ರದಲ್ಲಿ, ಅಂದರೆ ಬೆಳಕನ್ನು 256 ಮೆಟ್ಟಿಲಲ್ಲಿ ಎಣಿಸುವ ಚಿತ್ರದಲ್ಲಿ, ಕಡುಕಪ್ಪು 0, ಅಚ್ಚಬಿಳಿ 255. ಬಿಳಿ ಪೂರ್ತಿ ಆಯ್ಕೆ, ಕಪ್ಪು ಆಯ್ಕೆಯೇ ಅಲ್ಲ, 128ರ ಆಸುಪಾಸಿನದು ಅರ್ಧದಷ್ಟು. ಹಾಗಾಗಿ ತಿದ್ದುಪಡಿ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಹುಡುಕಿದರೂ ಸಿಗುವುದಿಲ್ಲ.

ಮಾಡುವ ಬಗೆ ಹೀಗೆ. ಚಿತ್ರದ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆಬೇರೆಯಾಗಿ ತೋರಿಸುವ ಫೋಟೊಶಾಪ್‌ನ ಚಾನೆಲ್ಸ್ ಫಲಕ ತೆರೆದು, ಕಂಟ್ರೋಲ್ ಕೀಲಿ ಒತ್ತಿಕೊಂಡು ಮೇಲಿನ, ಮೂರೂ ಒಟ್ಟಾದ ಆರ್‌ಜಿಬಿ ಚಾನೆಲಿನ ಪುಟ್ಟ ಚಿತ್ರವನ್ನು ಕ್ಲಿಕ್ ಮಾಡಿ. ಮ್ಯಾಕ್‌ನಲ್ಲಾದರೆ ಕಮಾಂಡ್ ಕೀಲಿ. ಬೆಳಕಿನ ಭಾಗ ಆಯ್ಕೆಯಾಗುತ್ತದೆ, ಇದಕ್ಕೆ ಲೈಟ್ಸ್ ಎನ್ನುತ್ತಾರೆ. ಅದನ್ನು ತಿರುವುಮುರುವು ಮಾಡಿದರೆ ಡಾರ್ಕ್ಸ್. ಲೈಟ್ಸನ್ನು ತನ್ನೊಡನೆ ತಾನೇ ಛೇದಿಸಿದರೆ (ಇಂಟರ್‌ಸೆಕ್ಟ್) ಇನ್ನೂ ಬಿಗಿಯಾದ ಬ್ರೈಟ್ ಲೈಟ್ಸ್. ಇಡೀ ಚಿತ್ರದಿಂದ ಲೈಟ್ಸ್ ಮತ್ತು ಡಾರ್ಕ್ಸ್ ಎರಡನ್ನೂ ಕಳೆದರೆ ಉಳಿಯುವುದು ಮಿಡ್‌ಟೋನ್ಸ್. ಆಯ್ಕೆ ಇರುವಾಗಲೇ ಕರ್ವ್ಸ್ ಲೇಯರ್, ಅಂದರೆ ಬೆಳಕನ್ನು ಏರಿಸಿ ಇಳಿಸುವ ಪದರ, ಸೇರಿಸಿದರೆ ಮಾಸ್ಕ್ ತಾನಾಗಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಈ ಪದ್ಧತಿಯನ್ನು 2006ರ ಸುಮಾರಿಗೆ ಪಾಠದ ರೂಪದಲ್ಲಿ ಬರೆದು ಹರಡಿದವರು ಅಮೆರಿಕದ ಛಾಯಾಗ್ರಾಹಕ ಟೋನಿ ಕೈಪರ್.

ಹೊಸಬರು ಹೆದರುವ ಒಂದು ಕಡೆ ಇದೆ. ಮಿಡ್‌ಟೋನ್ಸ್ ಆಯ್ಕೆ ಮಾಡಿದ ಕೂಡಲೇ ಫೋಟೊಶಾಪ್ ಒಂದು ಎಚ್ಚರಿಕೆ ತೋರಿಸುತ್ತದೆ, ಪರದೆಯ ಮೇಲೆ ಓಡುವ ಚುಕ್ಕಿಗೆರೆಯೂ ಕಾಣುವುದಿಲ್ಲ. “ಸರ್, ಏನೂ ಸೆಲೆಕ್ಟ್ ಆಗವಲ್ದು ನೋಡ್ರಿ” ಎಂದು ಕೈ ಎತ್ತುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆಯ್ಕೆ ಆಗಿರುತ್ತದೆ. ಚುಕ್ಕಿಗೆರೆ ಕಾಣುವುದು ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್‌ಗಳ ಸುತ್ತ ಮಾತ್ರ, ಮಿಡ್‌ಟೋನ್ಸ್ ಆ ಮಟ್ಟ ದಾಟುವುದೇ ಇಲ್ಲ. ಎಚ್ಚರಿಕೆಗೆ ಸರಿ ಎಂದು ಒತ್ತಿ ಮುಂದುವರಿಯಬಹುದು.

ಶಹಾಪುರದ ಗುಡ್ಡಕ್ಕೆ ಹೆಚ್ಚು ಹೊಂದುವುದು ಎರಡು ಎಕ್ಸ್‌ಪೋಷರ್ ಕೂಡಿಸುವ ದಾರಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಕದಲದಂತೆ ಇಟ್ಟು ಗದ್ದೆಗೊಂದು, ಆಕಾಶಕ್ಕೊಂದು ಚಿತ್ರ ತೆಗೆಯಿರಿ. ಗದ್ದೆಯ ಚಿತ್ರ ಕೆಳಗೆ, ಆಕಾಶಕ್ಕೆ ಹೊಂದಿಸಿದ ಕಪ್ಪು ಚಿತ್ರ ಮೇಲೆ. ಕೆಳಗಿನ ಚಿತ್ರದಿಂದ ಲೈಟ್ಸ್ ತೆಗೆದು ಮೇಲಿನದಕ್ಕೆ ಮಾಸ್ಕಾಗಿ ಹಾಕಿ. ಸುಟ್ಟ ಆಕಾಶ ಇದ್ದ ಜಾಗದಲ್ಲಿ ಬಣ್ಣದ ಆಕಾಶ ಬಂದು ಕೂರುತ್ತದೆ, ಬುದ್ಧನ ಮೂಗಿನ ಗೆರೆ ಹಾಗೇ ಉಳಿಯುತ್ತದೆ. “ನಾ ಎಷ್ಟು ಬಳದ್ರೂ ಗುಡ್ಡದ ಅಂಚಿಗೆ ಬೆಳ್ಳನ್ನ ಗೆರಿ ಉಳಿಲಾಕತ್ತದ್ರಿ” ಎನ್ನುವ ದೂರು ಬ್ರಷ್ ಹಿಡಿದವರದು. ಈ ದಾರಿಯಲ್ಲಿ ಆ ಗೆರೆ ಬಹುಮಟ್ಟಿಗೆ ಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಮಾತ್ರ ಕಷ್ಟ. ಆಕಾಶಕ್ಕೆ ತಾಗುವಂತೆ ಜೋಳದ ತೆನೆ ನಿಂತಿದ್ದರೆ ಎರಡು ಚಿತ್ರದಲ್ಲಿ ಎರಡು ಕಡೆ ಇದ್ದು, ಕೂಡಿಸಿದಾಗ ಒಂದೊಂದಕ್ಕೂ ನೆರಳಿನಂಥ ಜೋಡಿ ಹುಟ್ಟುತ್ತದೆ.

ಇನ್ನು ಇದರಿಂದ ಆಗದ ಕೆಲಸಗಳು. ಕಾರ್ಯಾಗಾರಗಳಲ್ಲಿ ಈ ಭಾಗವನ್ನು ಯಾಕೋ ಬೇಗ ಮುಗಿಸುತ್ತಾರೆ. ಮಾಸ್ಕ್ ನೋಡುವುದು ಬೆಳಕನ್ನು ಮಾತ್ರ, ಅದು ಆಕಾಶವೋ ಕಲ್ಲೋ ಅದಕ್ಕೆ ಗೊತ್ತಿಲ್ಲ. ಬಣ್ಣದ ಚಿತ್ರವನ್ನು ಕಪ್ಪುಬಿಳುಪಿಗೆ ಇಳಿಸುವಾಗ ಹಸಿರಿಗೆ ಸುಮಾರು ನೂರರಲ್ಲಿ 59, ಕೆಂಪಿಗೆ 30, ನೀಲಿಗೆ 11 ಪಾಲು ತೂಕ ಕೊಡುತ್ತಾರೆ, ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆ ಗೋಡೆ ಬಿಸಿಲಿಗೆ ಹೊಳೆಯುತ್ತ, ಹಿಂದೆ ಕಡುನೀಲಿ ಆಕಾಶ ಇದ್ದರೆ, ಕಣ್ಣಿಗೆ ಅವು ಹಗಲು-ರಾತ್ರಿಯಷ್ಟು ಬೇರೆ. ಮಾಸ್ಕಿನಲ್ಲಿ ಎರಡೂ ಒಂದೇ ಬೂದು ಆಗಿಬಿಡಬಹುದು. ಅಲ್ಲಿ ಬಣ್ಣದ ಪ್ರಕಾರ ಆರಿಸುವ ಕಲರ್ ರೇಂಜ್ ಬಳಸಬೇಕು, ಇಲ್ಲವೆ ನೀಲಿ ಚಾನೆಲ್ ಒಂದರಿಂದಲೇ ಮಾಸ್ಕ್ ತೆಗೆಯಬೇಕು. ಆ ಚಾನೆಲಿನಲ್ಲಿ ಆಕಾಶ ಬೆಳ್ಳಗೆ, ಗೋಡೆ ಕಪ್ಪಗೆ ನಿಲ್ಲುತ್ತದೆ.

ಮತ್ತೊಂದು, ಸುಟ್ಟದ್ದು ಸುಟ್ಟದ್ದೇ. ಮೂರೂ ಚಾನೆಲಿನಲ್ಲಿ 255 ಮುಟ್ಟಿದ ಜಾಗದಲ್ಲಿ ಮಾಹಿತಿಯೇ ಇರುವುದಿಲ್ಲ. ಬ್ರೈಟ್ ಲೈಟ್ಸ್ ಹಾಕಿ ಎಷ್ಟು ತಗ್ಗಿಸಿದರೂ ಮೋಡ ಬರುವುದಿಲ್ಲ, ಬೂದಿ ಬಳಿದ ಸೂರ್ಯ ಬರುತ್ತಾನೆ. ಕಚ್ಚಾ ಕಡತದಲ್ಲಿ, ಅಂದರೆ ರಾ ಫೈಲಿನಲ್ಲಿ, ಒಂದಷ್ಟು ಉಳಿದಿರುವ ಸಾಧ್ಯತೆ ಇದೆ. ಅದರಲ್ಲಿ ಬೆಳಕಿನ ಮೆಟ್ಟಿಲೂ ಹೆಚ್ಚು: 14 ಬಿಟ್ ರಾ ಕಡತಕ್ಕೆ 16,384 ಮೆಟ್ಟಿಲು, ಜೆಪೆಗ್‌ಗೆ ಚಾನೆಲಿಗೆ 256 ಮಾತ್ರ. ಜೆಪೆಗ್ ಮೇಲೆ ಬಿಗಿಯಾದ ಮಾಸ್ಕ್ ಹಾಕಿ ಕರ್ವ್ಸ್ ಎಳೆದರೆ ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಕಲಬುರಗಿಯ ಬೇಸಿಗೆ ಆಕಾಶಕ್ಕೆ ಧೂಳೂ ಸೇರಿರುವುದರಿಂದ ಈ ಪಟ್ಟೆ ಇನ್ನೂ ಬೇಗ ಕಣ್ಣಿಗೆ ಹೊಡೆಯುತ್ತದೆ ಎಂಬುದು ನನ್ನ ಅನುಭವ.

ಇಷ್ಟೆಲ್ಲ ಚಾನೆಲ್ ಗೊಡವೆ ಬೇಡ ಎನ್ನುವವರಿಗೆ ಚಿತ್ರ ತಿದ್ದುವ ಇನ್ನೊಂದು ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ 2017ರಿಂದ ರೇಂಜ್ ಮಾಸ್ಕ್ ಇದೆ. 2021ರಲ್ಲಿ ಮಾಸ್ಕಿಂಗ್ ಫಲಕವೇ ಹೊಸದಾಗಿ ಬಂದ ಮೇಲೆ ಲುಮಿನನ್ಸ್ ರೇಂಜ್ ಎಂಬ ಹೆಸರಲ್ಲಿ ಸ್ವತಂತ್ರವಾಗಿ ಸಿಗುತ್ತದೆ. ಒಂದು ಪಟ್ಟಿಯ ಎರಡು ತುದಿ ಎಳೆದು ಯಾವ ಮಟ್ಟದ ಬೆಳಕು ಬೇಕೋ ಅಷ್ಟನ್ನು ಆರಿಸಬಹುದು. ನಿತ್ಯದ ಕೆಲಸಕ್ಕೆ ನಾನು ಬಳಸುವುದು ಇದನ್ನೇ. ಆದರೆ ಮೊದಲ ಸಲ ಕಲಿಯುವವರು ಚಾನೆಲ್ ದಾರಿಯಲ್ಲೇ ಒಮ್ಮೆ ಹೋಗಿಬರುವುದು ಮೇಲು, ಮಾಸ್ಕ್ ಎಂಬುದು ಬೂದುಚಿತ್ರ ಎಂದು ಕಣ್ಣಾರೆ ಕಾಣುವುದು ಅಲ್ಲಿಯೇ. ದುಡ್ಡು ಕೊಡದೆ ಕಲಿಯಬೇಕೆಂದರೆ ಉಚಿತವಾದ ಗಿಂಪ್ ತಂತ್ರಾಂಶ ಇದೆ. ಅದರಲ್ಲಿ ಲೇಯರ್‌ಗೆ ಮಾಸ್ಕ್ ಸೇರಿಸುವಾಗ ಬರುವ ಆಯ್ಕೆಗಳಲ್ಲಿ ಲೇಯರಿನ ಬೂದುಪ್ರತಿ ಎಂಬುದನ್ನು ಆರಿಸಿದರೆ ಲೈಟ್ಸ್ ಮಾಸ್ಕ್ ತಯಾರು, ಮಾಸ್ಕಿನ ಬಣ್ಣ ತಿರುವಿದರೆ ಡಾರ್ಕ್ಸ್.