ಒಳ್ಳೆಯ ದಿನ ಬಿಡಿ, ಸಾದಾ ದಿನ ಎಷ್ಟು?

ಕಂಠೀರವ ಸ್ಟೇಡಿಯಂನಲ್ಲಿ ಬೆಳಗಿನ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಅಪ್ಪ ಅಮ್ಮಂದಿರು ಕೂತಿರುತ್ತಾರೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಸ್ಟಾಪ್‌ವಾಚ್. ನನ್ನ ಕೆಲಸ ಗೊತ್ತಿರುವವರು ಹತ್ತಿರ ಬಂದು ಎರಡು ಪ್ರಶ್ನೆ ಕೇಳುತ್ತಾರೆ. "ಮುಂದಿನ ಒಲಿಂಪಿಕ್ಸ್‌ನಲ್ಲಿ ನಮಗೆ ಎಷ್ಟು ಮೆಡಲ್ ಬರುತ್ತೆ ಸಾರ್?" ಇದನ್ನು ಎಲ್ಲರೂ ಗಟ್ಟಿಯಾಗಿ ಕೇಳುತ್ತಾರೆ. ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ. "ನಮ್ಮ ಮಗಳು ಅಲ್ಲಿವರೆಗೆ ಹೋಗ್ತಾಳಾ?"

ನಾನು ಅಥ್ಲೀಟ್‌ಗಳ ಅಂಕಿಗಳನ್ನು ಓದುವವನು. ಓಟದ ಸಮಯ, ಎಸೆತದ ದೂರ, ಸೀಸನ್‌ನಲ್ಲಿ ಎಷ್ಟು ಸ್ಪರ್ಧೆ, ಎಷ್ಟು ಗಾಯ, ಗಾಯದಿಂದ ವಾಪಸಾಗಲು ಎಷ್ಟು ವಾರ. ಕೋಚ್‌ಗಳ ಜತೆ ಕೂತು ಮುಂದೇನು ಸಾಧ್ಯ ಅಂತ ಅಂದಾಜು ಹಾಕುತ್ತೇನೆ. ಆ ಎರಡೂ ಪ್ರಶ್ನೆಗೆ ನಾನು ಒಂದೇ ಜಾಗದಿಂದ ಶುರು ಮಾಡುತ್ತೇನೆ. ಈ ಅಥ್ಲೀಟ್‌ನ ಸಾದಾ ದಿನ ಹೇಗಿರುತ್ತದೆ?

ಪರ್ಸನಲ್ ಬೆಸ್ಟ್ ಎಲ್ಲರಿಗೂ ಬಾಯಿಪಾಠ. ಪೇಪರ್‌ನಲ್ಲಿ ಬರುವುದೂ ಅದೇ. ಆದರೆ ಅದು ಗಾಳಿ, ಟ್ರ್ಯಾಕ್, ಪೈಪೋಟಿ, ಮೈಯ ಹದ ಎಲ್ಲವೂ ಕೂಡಿಬಂದ ಒಂದು ದಿನದ ಅಂಕಿ. ಒಲಿಂಪಿಕ್ಸ್ ಫೈನಲ್ ಆ ದಿನವೇ ಬರಲಿ ಅಂತ ಹರಕೆ ಹೊರಬಹುದು, ಅಂದಾಜು ಹಾಕಲಾಗದು. ಹಾಗಾಗಿ ಕಳೆದ ಎರಡು ಸೀಸನ್‌ನ 12 ಸ್ಪರ್ಧೆಗಳ ಫಲಿತಾಂಶವನ್ನು ಮೇಲಿನಿಂದ ಕೆಳಗೆ ಬರೆದುಕೊಳ್ಳುತ್ತೇನೆ. ನಟ್ಟನಡುವೆ ನಿಲ್ಲುವ ಎರಡು ಅಂಕಿಗಳ ಸರಾಸರಿ ಅವರ ಸಾದಾ ದಿನ. ಅದರ ಪಕ್ಕದಲ್ಲಿ ದೊಡ್ಡ ಕೂಟಗಳಲ್ಲಿ ಮೂರನೆಯ ಸ್ಥಾನಕ್ಕೆ ಎಷ್ಟು ಬೇಕಾಯಿತು ಅಂತ ಬರೆಯುತ್ತೇನೆ.

ಪುರುಷರ ಜಾವೆಲಿನ್ ತೆಗೆದುಕೊಳ್ಳಿ. ಕಂಚಿಗೆ 2016ರ ರಿಯೊದಲ್ಲಿ 85.38 ಮೀಟರ್ ಸಾಕಾಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 85.44. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 86.67. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಮ್ಮೆಲೇ 88.54. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ 86.67. ಅಂದರೆ ಕಂಚಿನ ಬಾಗಿಲು 85ರಿಂದ 88.5ರ ನಡುವೆ ಎಲ್ಲೋ ಇದೆ. ಸಾದಾ ದಿನವೇ 86 ಎಸೆಯುವವರು ಆ ಬಾಗಿಲ ಮುಂದೆ ನಿಂತಿದ್ದಾರೆ. ಸಾದಾ ದಿನ 80 ಇದ್ದು, ಒಮ್ಮೆ ಮಾತ್ರ 87 ಎಸೆದವರು ಇನ್ನೂ ಬೀದಿ ತುದಿಯಲ್ಲಿದ್ದಾರೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಕಿಶೋರ್ ಜೆನಾ ಅವರ ಕತೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರು 87.54 ಮೀಟರ್ ಎಸೆದು ಬೆಳ್ಳಿ ಗೆದ್ದರು. ಪ್ಯಾರಿಸ್ ಅರ್ಹತೆಗೆ ಬೇಕಿದ್ದದ್ದು 85.50. ಒಂದೇ ಸಂಜೆಯಲ್ಲಿ ಟಿಕೆಟ್ ಖಾತ್ರಿ. ಆದರೆ 2024ರಲ್ಲಿ ದೋಹಾದ ಡೈಮಂಡ್ ಲೀಗ್‌ನಲ್ಲಿ ಬಂದದ್ದು 76.31. ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ 80.73. ಫೈನಲ್ ಸಿಗಲಿಲ್ಲ. ಹಾಂಗ್‌ಝೌನ ಆ ಎಸೆತ ನಿಜವಾದದ್ದೇ, ಅದರ ಹಿಂದಿನ ಶ್ರಮವೂ ನಿಜ. ನಾವು ನೋಡುಗರು ಮಾತ್ರ ಆ ಒಂದು ಸಂಜೆಯನ್ನೇ ಅವರ ಎಲ್ಲ ಸಂಜೆ ಅಂದುಕೊಂಡೆವು. ಆ ಭಾರವನ್ನು ಹೊತ್ತದ್ದು ಅವರು.

ಇನ್ನೊಂದು ಕಡೆ ನೀರಜ್ ಚೋಪ್ರಾ. ಅವರು 90 ಮೀಟರ್ ಯಾವಾಗ ದಾಟುತ್ತಾರೆ ಅಂತ ದೇಶವೇ ಕಾಯುತ್ತಿತ್ತು. 2025ರ ಮೇನಲ್ಲಿ ದೋಹಾದಲ್ಲಿ 90.23 ಎಸೆದರು, ಆ ದಿನ ಅವರಿಗೆ ಸಿಕ್ಕಿದ್ದು ಎರಡನೇ ಸ್ಥಾನ. ಟೋಕಿಯೊದಲ್ಲಿ ಚಿನ್ನ ತಂದ ಎಸೆತ 87.58, ಅವರ ಅತಿ ದೂರದ ಎಸೆತ ಅದಲ್ಲ. ಆ ಚಿನ್ನದಿಂದ 2025ರ ಸೆಪ್ಟೆಂಬರ್‌ವರೆಗೆ, ನಾಲ್ಕು ವರ್ಷ, ಅವರು ಮೊದಲ ಎರಡು ಸ್ಥಾನಗಳಿಂದ ಕೆಳಗೆ ಇಳಿಯಲಿಲ್ಲ. ನನ್ನ ಪಟ್ಟಿಯಲ್ಲಿ 90.23ಕ್ಕಿಂತ ಈ ನಾಲ್ಕು ವರ್ಷಕ್ಕೇ ಬೆಲೆ ಜಾಸ್ತಿ.

ಹಾಗಂತ ಸಾದಾ ದಿನವೇ ಎಲ್ಲ ಅಂತ ಹೇಳುವಂತಿಲ್ಲ. 2025ರ ಜುಲೈ 5ರಂದು ಇದೇ ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆಯಿತು. ಗ್ಯಾಲರಿ ಭರ್ತಿ. ನೀರಜ್ 86.18 ಎಸೆದು ಗೆದ್ದರು, ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರು. ಆ ಸಂಜೆ ನಮ್ಮ ಇನ್ನೊಬ್ಬ ಎಸೆತಗಾರ ಸಚಿನ್ ಯಾದವ್ ಕಡೆ ಜನರ ಕಣ್ಣು ಅಷ್ಟಾಗಿ ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಟೋಕಿಯೊದ ವಿಶ್ವ ಫೈನಲ್‌ನಲ್ಲಿ ಅದೇ ಸಚಿನ್ 86.27 ಎಸೆದು ನಾಲ್ಕನೆಯವರಾದರು. ಕಂಚು 40 ಸೆಂಟಿಮೀಟರ್ ದೂರದಲ್ಲಿತ್ತು. ಅದೇ ಫೈನಲ್‌ನಲ್ಲಿ ನೀರಜ್ ಎಂಟನೆಯವರು. ಸಚಿನ್‌ಗೆ ಅದು ಜೀವನದ ಅತ್ಯುತ್ತಮ ಎಸೆತ, ಬಂದದ್ದು ಅಲ್ಲಿಯವರೆಗಿನ ಅತಿ ದೊಡ್ಡ ದಿನ. ನಾನು ನೋಡಿದ ಹೆಚ್ಚಿನ ಅಥ್ಲೀಟ್‌ಗಳು ದೊಡ್ಡ ಕೂಟದಲ್ಲಿ ತಮ್ಮ ಸೀಸನ್ ಬೆಸ್ಟ್‌ಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತಾರೆ. ಮೇಲಕ್ಕೆ ಹೋಗುವವರು ಬೆರಳೆಣಿಕೆ. ಅಂಥವರಿಗೆ ನನ್ನ ಪುಸ್ತಕದಲ್ಲಿ ಬೇರೆಯೇ ಗುರುತು ಹಾಕುತ್ತೇನೆ.

ಈಗ ಅರ್ಹತೆಯ ವಿಷಯ. ಒಲಿಂಪಿಕ್ಸ್‌ಗೆ ಹೋಗುವುದು ಒಂದು ಪ್ರಶ್ನೆ, ಅಲ್ಲಿ ಪದಕಕ್ಕೆ ಹತ್ತಿರ ಇರುವುದು ಬೇರೆಯೇ ಪ್ರಶ್ನೆ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 55.42 ಸೆಕೆಂಡ್‌ನಲ್ಲಿ ಓಡಿದರು. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. 2023ರಲ್ಲಿ ಹಾಂಗ್‌ಝೌನಲ್ಲಿ ವಿದ್ಯಾ ರಾಮರಾಜ್ ಅದೇ 55.42 ಓಡಿ ಆ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದಾಗ ನನ್ನ ಮೈ ಜುಮ್ಮೆಂದಿತು. ಆದರೆ ಪ್ಯಾರಿಸ್‌ಗೆ ನೇರ ಅರ್ಹತೆಯ ಗುರಿಯೇ 54.85 ಆಗಿತ್ತು. ಅಲ್ಲಿ ಕಂಚು ಗೆದ್ದ ಫೆಮ್ಕೆ ಬೋಲ್ ಓಡಿದ್ದು 52.15. ಒಂದು ಕಾಲಕ್ಕೆ ಪದಕದ ಹೊಸ್ತಿಲಲ್ಲಿದ್ದ ಸಮಯಕ್ಕೆ ಈಗ ನೇರ ಟಿಕೆಟ್ ಕೂಡ ಸಿಗದು. ನಾವು ನಿಂತಲ್ಲೇ ನಿಂತರೂ ಗೆರೆ ನಿಲ್ಲುವುದಿಲ್ಲ. ನಾಲ್ಕು ವರ್ಷದ ಮುಂದಿನ ಅಂದಾಜು ಹಾಕುವಾಗ ಇವತ್ತಿನ ಗೆರೆಯನ್ನು ಇಟ್ಟುಕೊಂಡರೆ ಮೋಸ ಹೋಗುತ್ತೇವೆ.

ಅಥ್ಲೆಟಿಕ್ಸ್‌ನಲ್ಲಿ ಇನ್ನೊಂದು ದಾರಿಯೂ ಇದೆ, ವಿಶ್ವ ರ‍್ಯಾಂಕಿಂಗ್. ಹೆಚ್ಚಿನ ಸ್ಪರ್ಧೆಗಳಲ್ಲಿ ಐದು ಒಳ್ಳೆಯ ಫಲಿತಾಂಶಗಳ ಸರಾಸರಿ ತೆಗೆಯುತ್ತಾರೆ. ಪಡೆದ ಸ್ಥಾನಕ್ಕೂ ಅಂಕ ಇದೆ, ಕೂಟ ದೊಡ್ಡದಾದಷ್ಟೂ ಅಂಕ ಜಾಸ್ತಿ. ನಮ್ಮ ಹುಡುಗರು ಊರಲ್ಲೇ ಓಡಿದರೆ ಸಮಯ ಚೆನ್ನಾಗಿದ್ದರೂ ಅಂಕ ಕಡಿಮೆ. ಯುರೋಪ್‌ಗೆ ಹೋಗಬೇಕು, ವೀಸಾ, ಟಿಕೆಟ್, ಊಟ, ಎಲ್ಲದಕ್ಕೂ ದುಡ್ಡು ಬೇಕು. ಅದಕ್ಕೇ ಕಂಠೀರವದ ಆ ಜಾವೆಲಿನ್ ಸಂಜೆ ನನಗೆ ಹಬ್ಬದಂತೆ ಕಂಡದ್ದು. ಅಂಥ ದರ್ಜೆಯ ಕೂಟ ಇಲ್ಲೇ ನಡೆದರೆ, ಬೇರೆ ಊರುಗಳಿಂದ ಬಂದ ನಮ್ಮ ನಾಲ್ಕು ಹುಡುಗರಿಗೆ ವಿಮಾನ ಹತ್ತಿ ದೇಶ ಬಿಡದೆ ಆ ಅಂಕ ಸಿಗುತ್ತದೆ. ಶೂಟಿಂಗ್, ಕುಸ್ತಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಗೆದ್ದ ಕೋಟಾ, ಅಂದರೆ ಒಲಿಂಪಿಕ್ಸ್ ಸ್ಥಾನ, ಸಾಮಾನ್ಯವಾಗಿ ದೇಶದ್ದು, ಗೆದ್ದವರೇ ಹೋಗುತ್ತಾರೆ ಅಂತಿಲ್ಲ.

ಈಜಿನ ವಿಷಯವನ್ನು ಬೆಂಗಳೂರಿನವರು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ದೇಶದ ಈಜಿನ ಉಸಿರು ಹೆಚ್ಚುಕಡಿಮೆ ಈ ಊರಲ್ಲೇ ಇದೆ. 2021ರಲ್ಲಿ ನಮ್ಮ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡ್‌ನಲ್ಲಿ ಈಜಿ ಎ ಕಟ್, ಅಂದರೆ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ಸಮಯ, ದಾಟಿದರು. ಗುರಿ ಇದ್ದದ್ದು 53.85. ಅದಕ್ಕೆ ಒಂದು ದಿನದ ಮುಂಚೆ ಸಾಜನ್ ಪ್ರಕಾಶ್ ಆ ಸಾಧನೆ ಮಾಡಿದ ಮೊದಲ ಭಾರತೀಯ ಆಗಿದ್ದರು. ಪ್ಯಾರಿಸ್‌ಗೆ ಮಾತ್ರ ಶ್ರೀಹರಿ ಮತ್ತು 14 ವರ್ಷದ ಧಿನಿಧಿ ದೇಸಿಂಗು ಹೋದದ್ದು ಯೂನಿವರ್ಸಾಲಿಟಿ ಸ್ಥಾನದಲ್ಲಿ. ಎ ಕಟ್ ದಾಟಿದ ಈಜುಗಾರರಿಲ್ಲದ ದೇಶಕ್ಕೆ ಒಬ್ಬ ಪುರುಷ, ಒಬ್ಬ ಮಹಿಳೆಗೆ ಕೊಡುವ ಅವಕಾಶ ಅದು. 14 ವರ್ಷದ ಹುಡುಗಿ ಆ ಕೊಳಕ್ಕೆ ಇಳಿದದ್ದು ದೊಡ್ಡ ಸಂಗತಿ, ನನಗೆ ಹೆಮ್ಮೆ ಇದೆ. ಆದರೆ ಆಗ ಕೆಲವು ಟಿವಿ ಚರ್ಚೆಗಳಲ್ಲಿ "ಪದಕದ ಭರವಸೆ" ಅಂದರು. ಆ ಮಾತು ಆ ಮಗುವಿನ ಮೇಲೆ ಹೊರಿಸಿದ ಕಲ್ಲು. ಅವಳ ಅಂದಿನ ಗುರಿ ತನ್ನದೇ ಸಮಯ ಸುಧಾರಿಸುವುದು, ಅಷ್ಟೇ ಇರಬೇಕಿತ್ತು.

ಇನ್ನು ನಾಲ್ಕನೇ ಸ್ಥಾನಗಳು. ಪ್ಯಾರಿಸ್‌ನಲ್ಲಿ ನಮಗೆ ಆರು ಪದಕ, ಆರು ನಾಲ್ಕನೇ ಸ್ಥಾನ. ಮೀರಾಬಾಯಿ ಚಾನು 199 ಕೆ.ಜಿ. ಎತ್ತಿದರು, ಕಂಚು 200ಕ್ಕೆ ಹೋಯಿತು. ಶೂಟಿಂಗ್‌ನ ಸ್ಕೀಟ್ ಮಿಶ್ರ ತಂಡ ಒಂದು ಗುರಿಯಿಂದ ಸೋತಿತು. ಇಲ್ಲಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಕಂಚಿನ ಪಂದ್ಯದ ಮೊದಲ ಗೇಮನ್ನು 21-13ರಿಂದ ಗೆದ್ದು, ಆಮೇಲೆ ಎರಡು ಗೇಮ್ ಕಳೆದುಕೊಂಡರು. ಆ ಸಂಜೆ ನಾನು ತುಂಬಾ ಹೊತ್ತು ಟಿವಿ ಆರಿಸದೆ ಸುಮ್ನೆ ಕೂತಿದ್ದೆ.

ಒಂದು ಲೆಕ್ಕ ಹೇಳುತ್ತೇನೆ. ಈ ಹನ್ನೆರಡನ್ನೂ ಹನ್ನೆರಡು ನಾಣ್ಯ ಅಂದುಕೊಳ್ಳಿ. ತಲೆ ಬಿದ್ದರೆ ಪದಕ, ಬಾಲ ಬಿದ್ದರೆ ನಾಲ್ಕನೇ ಸ್ಥಾನ. ನೂರು ಸಲ ಈ ಹನ್ನೆರಡನ್ನೂ ಚಿಮ್ಮಿದರೆ ಸುಮಾರು 85 ಸಲ ನಾಲ್ಕರಿಂದ ಎಂಟು ಪದಕ ಬರುತ್ತವೆ. ಉಳಿದ 15 ಸಲ ಅದಕ್ಕಿಂತ ಕಡಿಮೆ ಅಥವಾ ಜಾಸ್ತಿ. ಅದೇ ಅಥ್ಲೀಟ್‌ಗಳು, ಅದೇ ತಯಾರಿ, ಆದರೂ ಒಮ್ಮೆ ನಾಲ್ಕು ಬಂದು "ಸೋಲು" ಅನ್ನುತ್ತೇವೆ, ಇನ್ನೊಮ್ಮೆ ಎಂಟು ಬಂದು "ಇತಿಹಾಸ" ಅನ್ನುತ್ತೇವೆ. ಕ್ರೀಡೆ ನಾಣ್ಯವಲ್ಲ, ಮೀರಾಬಾಯಿಯ ಒಂದು ಕೆ.ಜಿ. ಬರೀ ಅದೃಷ್ಟವೂ ಅಲ್ಲ. ಆದರೂ ಒಟ್ಟು ಪದಕದ ಒಂದೇ ಅಂಕಿ ಎಷ್ಟು ಅಲ್ಲಾಡುತ್ತದೆ ಅಂತ ತಿಳಿಯಲು ಈ ಲೆಕ್ಕ ಸಾಕು. ನಾನು ಒಂದು ಚಾನೆಲ್‌ಗೆ ಹೀಗೇ ಎರಡು ಅಂಕಿಗಳ ನಡುವಿನ ಅಂದಾಜು ಕೊಟ್ಟಿದ್ದೆ. ಪರದೆ ಮೇಲೆ ಬಂದದ್ದು ದೊಡ್ಡ ಅಂಕಿ ಮಾತ್ರ, ಅದೂ ನನ್ನ ಹೆಸರಿನ ಪಕ್ಕದಲ್ಲಿ. ಮರುದಿನ ನನ್ನ ಜತೆ ಕೆಲಸ ಮಾಡುವ ಹುಡುಗಿಯೊಬ್ಬಳು "ಆ ಪಟ್ಟಿಯಲ್ಲಿ ನಾನೂ ಇದ್ದೀನಾ?" ಅಂತ ಕೇಳಿದಳು. ಆಮೇಲೆ ನಾನು ಒಟ್ಟು ಸಂಖ್ಯೆ ಹೇಳುವುದನ್ನೇ ಬಿಟ್ಟೆ.

ನನ್ನ ವಿಧಾನವನ್ನೇ ತಲೆಕೆಳಗು ಮಾಡಿದ ಒಬ್ಬರು ಇದ್ದಾರೆ. ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ಗೆ ಹೋಗುವಾಗ ಅವರ ವಿಶ್ವ ರ‍್ಯಾಂಕ್ 200. ಕೊನೆಯ ದಿನ ಕೊನೆಯ ಹೋಲ್‌ವರೆಗೂ ಪದಕದ ಲೆಕ್ಕದಲ್ಲಿದ್ದು ನಾಲ್ಕನೆಯವರಾದರು. ಬೆಳ್ಳಿಗಾಗಿ ಪ್ಲೇಆಫ್ ಆಡಿದ ಇಬ್ಬರಿಗಿಂತ ಒಂದೇ ಒಂದು ಸ್ಟ್ರೋಕ್ ಹಿಂದೆ. ಅಲ್ಲಿಯವರೆಗೆ ನಾನು ಎಲ್ಲ ಕ್ರೀಡೆಗೂ ಒಂದೇ ಅಳತೆಗೋಲು ಹಿಡಿಯುತ್ತಿದ್ದೆ, ಅದು ನನ್ನ ತಪ್ಪು. ವೇಟ್‌ಲಿಫ್ಟಿಂಗ್‌ನಲ್ಲಿ ಸಾದಾ ದಿನವೇ ಹೆಚ್ಚುಕಡಿಮೆ ಫಲಿತಾಂಶ ಹೇಳಿಬಿಡುತ್ತದೆ. ಗಾಲ್ಫ್‌ನಲ್ಲಿ, ಶೂಟಿಂಗ್‌ನಲ್ಲಿ ಹಾಗಿಲ್ಲ. ಶೂಟಿಂಗ್ ಫೈನಲ್‌ನಲ್ಲಿ ಅರ್ಹತಾ ಸುತ್ತಿನ ಅಂಕ ಲೆಕ್ಕಕ್ಕೇ ಬರುವುದಿಲ್ಲ, ಎಲ್ಲರೂ ಸೊನ್ನೆಯಿಂದ ಶುರು. ಅಂಥ ಕಡೆ ಒಬ್ಬರ ಮೇಲೆ ಬೆಟ್ಟದಷ್ಟು ಆಸೆ ಇಡುವುದಕ್ಕಿಂತ ಫೈನಲ್ ತಲುಪುವ ಆರು ಜನರನ್ನು ಬೆಳೆಸುವುದು ಜಾಣತನ.

ಏಷ್ಯನ್ ಗೇಮ್ಸ್‌ನ ಅಂಕಿ ನೋಡಿ ಒಲಿಂಪಿಕ್ಸ್ ಲೆಕ್ಕ ಹಾಕುವುದನ್ನಂತೂ ದಯವಿಟ್ಟು ಬಿಡಿ. ಹಾಂಗ್‌ಝೌನಲ್ಲಿ 107 ಪದಕ, ಮರುವರ್ಷ ಪ್ಯಾರಿಸ್‌ನಲ್ಲಿ 6. ಕಬಡ್ಡಿ, ಕ್ರಿಕೆಟ್, ಸ್ಕ್ವಾಷ್, ಕಾಂಪೌಂಡ್ ಬಿಲ್ಲುಗಾರಿಕೆ ಪ್ಯಾರಿಸ್‌ನಲ್ಲಿ ಇರಲೇ ಇಲ್ಲ. 2028ರ ಲಾಸ್ ಏಂಜಲೀಸ್‌ಗೆ ಟಿ20 ಕ್ರಿಕೆಟ್, ಸ್ಕ್ವಾಷ್, ಕಾಂಪೌಂಡ್ ಮಿಶ್ರ ತಂಡ ಸೇರಿವೆ. ಅಲ್ಲಿ ನಮ್ಮವರ ಸಾದಾ ದಿನವೇ ಪದಕದ ಹತ್ತಿರ ಇದೆ. ಕ್ರಿಕೆಟ್‌ಗೆ ಆರೇ ತಂಡ. ಪಟ್ಟಿ ಬದಲಾದರೆ ಒಟ್ಟು ಪದಕವೂ ಬದಲಾಗುತ್ತದೆ, ಅದಕ್ಕೆ ಟ್ರ್ಯಾಕ್ ಮೇಲೆ ಓಡುವ ಹುಡುಗಿ ಒಂದು ಸೆಕೆಂಡ್ ಕೂಡ ವೇಗ ಹೆಚ್ಚಿಸಿಕೊಂಡಿರಬೇಕಿಲ್ಲ. ಹಾಗಾಗಿ ಲಾಸ್ ಏಂಜಲೀಸ್ ಆದಮೇಲೆ ನಾನು ಅಥ್ಲೆಟಿಕ್ಸ್, ಈಜು, ಕುಸ್ತಿಯ ಸಾಲುಗಳನ್ನು ಬೇರೆಯಾಗಿಯೇ ಓದುತ್ತೇನೆ.

ಮೆಟ್ಟಿಲ ಮೇಲಿನ ಎರಡನೇ ಪ್ರಶ್ನೆಗೆ ಬರುತ್ತೇನೆ. ಮೊನ್ನೆ ಒಬ್ಬ ತಾಯಿ 100 ಮೀಟರ್ ಓಡುವ ಮಗಳ ಸಮಯ ತೋರಿಸಿದರು. ಶಾಲೆಯ ಕೂಟದಲ್ಲಿ ಕೈಗಡಿಯಾರದಲ್ಲಿ ಹಿಡಿದದ್ದು. ಕೈಯಲ್ಲಿ ಹಿಡಿದ ಸಮಯಕ್ಕೆ 0.24 ಸೆಕೆಂಡ್ ಸೇರಿಸಿ ಆಮೇಲೆ ಎಲೆಕ್ಟ್ರಾನಿಕ್ ಸಮಯದ ಜತೆ ಹೋಲಿಸಿ ಅಂದೆ. ಅವರ ಮುಖ ಸ್ವಲ್ಪ ಬಾಡಿತು. ಆ ಹುಡುಗಿಗೆ ಇನ್ನೂ 13. ಈ ವಯಸ್ಸಿಗೆ ಒಲಿಂಪಿಕ್ಸ್ ಲೆಕ್ಕ ಯಾರೂ ಹಾಕಲಾರರು, ನಾನೂ ಹಾಕಲಾರೆ ಅಂತ ಹೇಳಿದೆ. ಒಂದು ಪುಸ್ತಕ ಇಡಿ, ಪ್ರತಿ ಸ್ಪರ್ಧೆಯ ಸಮಯ ಬರೆಯಿರಿ, ಗಾಳಿ ಎಷ್ಟಿತ್ತು ಅನ್ನುವುದನ್ನೂ ಬರೆಯಿರಿ, ಸೋತ ದಿನದ್ದನ್ನು ಬಿಡಬೇಡಿ ಅಂದೆ. ಈ ಶನಿವಾರ ಅವರು ಸಿಕ್ಕಿದರು. ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿದ್ದರು. ಒಳಗೆ ಇದ್ದದ್ದು ಒಂದೇ ಸಾಲು, ಹುಡುಗಿಯದೇ ಕೈಬರಹ. ಹೀಟ್ಸ್‌ನಲ್ಲಿ ಐದನೇ ಸ್ಥಾನ.