ಬಾಲ ಸೈನಿಕರನ್ನು ಮರಳಿ ಊರಿಗೆ ಸೇರಿಸುವುದು: ನೆರವು ಮಗುವಿಗೋ, ಊರಿಗೋ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪುನರ್ವಸತಿ ಅಂದಕೂಡಲೇ ಕಾಳಿ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಪರಿಹಾರದ ಚೆಕ್ಕು ನೆನಪಾಗುತ್ತವೆ. ಕಾರವಾರ, ಶಿರಸಿ ಕಡೆ ಸಮಾಜಕಾರ್ಯ ಓದುವವರು ಬಾಲ ಸೈನಿಕರ ಪುನರ್ವಸತಿಯ ಪಾಠಕ್ಕೂ ಅದೇ ಲೆಕ್ಕ ಹಚ್ಚುವುದುಂಟು: ಫಲಾನುಭವಿಯನ್ನು ಗುರುತಿಸಿ, ಕೊಡಬೇಕಾದ್ದನ್ನು ಕೊಟ್ಟು, ಕಡತ ಮುಚ್ಚುವುದು. ಬಾಲ ಸೈನಿಕರ ವಿಷಯದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಇಲ್ಲಿ ಮಗು ವಾಪಸು ಹೋಗಬೇಕಾದ ಊರಿಗೇ ಆ ಮಗುವಿನ ಮೇಲೆ ಭಯ, ಸಿಟ್ಟು ಇರುತ್ತದೆ. ಮಗುವಿನಷ್ಟೇ ಊರನ್ನೂ ತಯಾರು ಮಾಡಬೇಕು. ಈ ಟಿಪ್ಪಣಿ ಓದುವಾಗ ಅದೊಂದನ್ನು ಬಿಡದೆ ಹಿಡಿದುಕೊಳ್ಳಿ.

ಯಾರು ಈ ಮಕ್ಕಳು?

ಪರೀಕ್ಷೆಯಲ್ಲಿ ‘ಯುದ್ಧದಲ್ಲಿ ಹೋರಾಡಿದ ಮಕ್ಕಳು’ ಎಂದು ಬರೆದರೆ ಅರ್ಧ ಉತ್ತರವಷ್ಟೇ. ಇಂಥ ಮಕ್ಕಳ ಕುರಿತ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳ ಪ್ರಕಾರ, ಸಶಸ್ತ್ರ ಪಡೆ ಅಥವಾ ಗುಂಪು ಯಾವುದೇ ಕೆಲಸಕ್ಕೆ ಸೇರಿಸಿಕೊಂಡ ಅಥವಾ ಬಳಸಿಕೊಂಡ, 18 ತುಂಬದ ಎಲ್ಲರೂ ಇದರಲ್ಲಿ ಬರುತ್ತಾರೆ. ಅಡುಗೆ ಮಾಡಿದವರು, ಹೊರೆ ಹೊತ್ತವರು, ಸುದ್ದಿ ಮುಟ್ಟಿಸಿದವರು, ಬೇಹುಗಾರಿಕೆಗೆ ಹೋದವರು, ಲೈಂಗಿಕವಾಗಿ ಬಳಕೆಯಾದವರು ಎಲ್ಲರೂ ಸೇರಿದರು. ಬಂದೂಕು ಮುಟ್ಟಿರಬೇಕೆಂಬ ನಿಯಮವಿಲ್ಲ.

ಈ ವ್ಯಾಖ್ಯೆ ಏಕೆ ಮುಖ್ಯವೆಂದು ತಿಳಿಯಲು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ನೋಡಬೇಕು. 1991ರಿಂದ 2002ರವರೆಗಿನ ಅಲ್ಲಿನ ಯುದ್ಧದ ನಂತರ ಸುಮಾರು 6,800 ಮಕ್ಕಳು ಅಧಿಕೃತ ನಿಶ್ಶಸ್ತ್ರೀಕರಣದ ಮೂಲಕ ಹೊರಬಂದರು. ಅವರಲ್ಲಿ ಹುಡುಗಿಯರು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಗುಂಪುಗಳಲ್ಲಿ ಹುಡುಗಿಯರು ಕಡಿಮೆ ಇದ್ದರೆಂದಲ್ಲ. ಬಂದೂಕು ಒಪ್ಪಿಸಬೇಕು, ಎಕೆ-47 ಬಿಚ್ಚಿ ಜೋಡಿಸಿ ತೋರಿಸಬೇಕು ಎಂಬ ಪರೀಕ್ಷೆ ಅವರನ್ನು ಬಾಗಿಲಲ್ಲೇ ತಡೆಯಿತು. ಅನೇಕರ ಕೈಯಲ್ಲಿದ್ದ ಬಂದೂಕನ್ನು ಕಮಾಂಡರ್‌ಗಳು ಕಿತ್ತುಕೊಂಡು ತಮಗೆ ಬೇಕಾದವರಿಗೆ ಕೊಟ್ಟರು. ಆ ಹುಡುಗಿಯರು, ಕೆಲವರು ಕಂಕುಳಲ್ಲಿ ಕೂಸು ಹೊತ್ತು, ಯಾವ ನೆರವೂ ಇಲ್ಲದೆ ಸದ್ದಿಲ್ಲದೆ ಮನೆ ಸೇರಿದರು. ಹಾಗಾಗಿ ನೋಂದಣಿಯಲ್ಲಿ ‘ಬಂದೂಕು ಇತ್ತೇ?’ ಎಂದು ಕೇಳಬೇಡಿ. ‘ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದೆ?’ ಎಂದು ಕೇಳಿ.

ಕಾನೂನು ಬೇಗ ಮುಗಿಸೋಣ. 15ರೊಳಗಿನವರನ್ನು ಪಡೆಗೆ ಸೇರಿಸುವುದು ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನದಡಿ ಯುದ್ಧಾಪರಾಧ; ಕಾಂಗೋದ ಬಂಡುಕೋರ ನಾಯಕ ಥಾಮಸ್ ಲುಬಾಂಗಾಗೆ 2012ರಲ್ಲಿ ಇದೇ ಅಪರಾಧಕ್ಕೆ 14 ವರ್ಷ ಶಿಕ್ಷೆಯಾಯಿತು. ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಶಸ್ತ್ರ ಸಂಘರ್ಷಕ್ಕೆ ಸಿಕ್ಕ ಮಗು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳನ್ನು ಬಳಸಿಕೊಂಡ ಉಗ್ರ ಗುಂಪಿನವರಿಗೆ 83ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ.

ವಯಸ್ಸು ಮತ್ತು ಮನೆ ಹುಡುಕುವುದು

ಕೆಲಸದ ಕ್ರಮ ಹೀಗೆ: ಬಿಡುಗಡೆ, ದಾಖಲಾತಿ, ತಾತ್ಕಾಲಿಕ ಆಶ್ರಯ, ಕುಟುಂಬದ ಹುಡುಕಾಟ, ಮನೆಗೆ ಸೇರಿಸುವುದು, ಬೆನ್ನುಬಿಡದ ಭೇಟಿ. ದಾಖಲಾತಿ ಹಾಳಾದರೆ ಮುಂದಿನದೆಲ್ಲ ಹಾಳು.

ಏಳೆಂಟು ವರ್ಷಕ್ಕೆ ಅಪಹರಣವಾದ ಮಗುವಿಗೆ ಜಿಲ್ಲೆ, ತಾಲೂಕಿನ ಹೆಸರು ಗೊತ್ತಿರುವುದಿಲ್ಲ, ಹುಟ್ಟಿದ ದಿನವಂತೂ ದೂರ. ಆಗ ಘಟನೆಗಳ ಪಂಚಾಂಗ ಮಾಡಿಕೊಳ್ಳಬೇಕು. ಇದನ್ನು ನಮ್ಮ ಊರಿನ ಮೇಲೇ ಅಭ್ಯಾಸ ಮಾಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕಾಳಿ ನದಿ ಉಕ್ಕಿದ್ದು 2019ರ ಆಗಸ್ಟ್. ಶಿರೂರಿನ ಗುಡ್ಡ ಕುಸಿದದ್ದು 2024ರ ಜುಲೈ. ‘ನೆರೆ ಬಂದಾಗ ನೀನು ನಡೆಯುತ್ತಿದ್ದೆಯಾ, ಯಾರಾದರೂ ಎತ್ತಿಕೊಂಡಿದ್ದರಾ?’ ಎಂಬ ಒಂದೇ ಪ್ರಶ್ನೆ ವಯಸ್ಸನ್ನು ಒಂದೆರಡು ವರ್ಷದ ಅಂತರಕ್ಕೆ ತಂದು ನಿಲ್ಲಿಸುತ್ತದೆ. ಮನೆಯ ಜಾಡೂ ಹೀಗೆಯೇ: ಸಂತೆಯ ವಾರ, ದೋಣಿ ದಾಟುವ ಜಾಗ, ಮಾಸ್ತರರ ಅಡ್ಡಹೆಸರು, ಬಂಡಿಹಬ್ಬದಂಥ ಊರ ಹಬ್ಬ. ಮಗು ಹೇಳಿದ ಮಾತನ್ನು ಅದರದೇ ಮಾತಿನಲ್ಲಿ ಬರೆದುಕೊಳ್ಳಿ. ‘ದೊಡ್ಡ ಹೊಳೆ’ ಎಂದದ್ದನ್ನು ನೀವೇ ‘ಗಂಗಾವಳಿ’ ಎಂದು ತಿದ್ದಿದರೆ ಹುಡುಕುವವರು ತಪ್ಪು ದಡದಲ್ಲಿ ಅಲೆಯುತ್ತಾರೆ.

ಮೊದಲ ಮಾತುಕತೆಯಲ್ಲಿ ಎದುರಾಬದುರು ಕೂರಬೇಡಿ, ಪಕ್ಕಕ್ಕೆ ಕೂರಿ. ಬಾಗಿಲು ಮಗುವಿನ ಕಣ್ಣಿಗೆ ಕಾಣುತ್ತಿರಲಿ. ಬರೆಯುವುದೇನು, ಅದನ್ನು ಯಾರು ಓದುತ್ತಾರೆ ಎಂದು ಮೊದಲೇ ಹೇಳಿ. ಎಷ್ಟು ಜನರನ್ನು ಕೊಂದೆ ಎಂದು ಕೇಳುವುದು ನಮ್ಮ ಕೆಲಸವೇ ಅಲ್ಲ. ಮನೆ ಹುಡುಕಲು ಆ ಉತ್ತರ ಬೇಕಿಲ್ಲ, ಆ ಹಾಳೆ ತಪ್ಪು ಕೈಗೆ ಸಿಕ್ಕರೆ ಮಗುವಿನ ಜೀವಕ್ಕೇ ಕುತ್ತು.

ತಾತ್ಕಾಲಿಕ ಆಶ್ರಯ ಕೆಲವೇ ವಾರಗಳದ್ದಾಗಿರಲಿ. ಅಲ್ಲಿಗೆ ಬರುವ ಮೊದಲೇ ಮಕ್ಕಳನ್ನು ಕಮಾಂಡರ್‌ಗಳಿಂದ ಬೇರೆ ಮಾಡಿರಬೇಕು, ಇಲ್ಲವಾದರೆ ಹಳೆಯ ಹುಕುಂ ಒಳಗೂ ನಡೆಯುತ್ತದೆ. ಊಟದ ಸಾಲಿನಲ್ಲಿ ಯಾರಿಗೆ ಯಾರು ಜಾಗ ಬಿಡುತ್ತಾರೆ ಎಂದು ಎರಡು ದಿನ ಗಮನಿಸಿ, ಗೊತ್ತಾಗಿಬಿಡುತ್ತದೆ. ಮಾನಸಿಕ ನೆರವಿಗೆ 2007ರ ಐಎಎಸ್‌ಸಿ (ನೆರವು ಸಂಸ್ಥೆಗಳ ಅಂತಾರಾಷ್ಟ್ರೀಯ ಸಮನ್ವಯ ಸಮಿತಿ) ಮಾರ್ಗಸೂಚಿಯ ನಾಲ್ಕು ಹಂತಗಳನ್ನು ನೆನಪಿಡಿ: ಅಡಿಯಲ್ಲಿ ಸುರಕ್ಷತೆ ಮತ್ತು ಮೂಲ ಸೌಲಭ್ಯ, ಅದರ ಮೇಲೆ ಕುಟುಂಬ ಮತ್ತು ಸಮುದಾಯ, ಆಮೇಲೆ ತರಬೇತಾದವರ ಆಪ್ತಬೆಂಬಲ, ತುದಿಯಲ್ಲಿ ಮನೋವೈದ್ಯರು. ತುದಿಯ ಚಿಕಿತ್ಸೆ ಬೇಕಾಗುವುದು ಸ್ವಲ್ಪ ಮಕ್ಕಳಿಗೆ. ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಊಟ ಬಿಡುವುದು, ತನ್ನನ್ನೇ ಗಾಯ ಮಾಡಿಕೊಳ್ಳುವುದು ಕಂಡರೆ ತಡಮಾಡದೆ ಕಳಿಸಿ.

ಹಣ ಕೊಟ್ಟಲ್ಲಿ ಏನಾಯಿತು

ಲೈಬೀರಿಯಾದಲ್ಲಿ 2003–04ರ ನಿಶ್ಶಸ್ತ್ರೀಕರಣ ಕಾರ್ಯಕ್ರಮ ಮಕ್ಕಳಿಗೂ ಎರಡು ಕಂತಿನಲ್ಲಿ 300 ಡಾಲರ್ ನಗದು ಕೊಟ್ಟಿತು. ನೋಂದಾಯಿಸಿಕೊಂಡವರು ಒಟ್ಟು ಒಂದು ಲಕ್ಷ ದಾಟಿದರು, ಸಿಕ್ಕ ಬಂದೂಕು ಸುಮಾರು 28,000. ಹಣವಿದೆ ಎಂದ ಮೇಲೆ ಪಡೆಯ ನಂಟೇ ಇಲ್ಲದವರೂ ಸಾಲಿನಲ್ಲಿ ನಿಂತರು, ಮಕ್ಕಳ ಪಾಲಿನಲ್ಲಿ ಕಮಾಂಡರ್‌ಗಳು ಪಾಲು ಕಿತ್ತರು. ಇದಕ್ಕಿಂತ ಆಳದ ಪೆಟ್ಟು ನೆರೆಹೊರೆಯಲ್ಲಿ ಬೀಳುತ್ತದೆ: ‘ನಮ್ಮ ಮನೆ ಸುಟ್ಟವನಿಗೆ ದುಡ್ಡು, ಸುಟ್ಟುಕೊಂಡ ನಮಗೆ ಏನೂ ಇಲ್ಲ.’ ಆ ಸಿಟ್ಟು ನ್ಯಾಯವಾದದ್ದೇ.

ಸಿಯೆರಾ ಲಿಯೋನ್‌ನ ಶಾಲಾ ಯೋಜನೆ ಬೇರೆ ದಾರಿ ಹಿಡಿಯಿತು. ವಾಪಸಾದ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೇ ಕಲಿಕಾ ಸಾಮಗ್ರಿ ಕೊಟ್ಟರು. ಪುಸ್ತಕ, ಪೆನ್ಸಿಲ್ ಎಲ್ಲ ಮಕ್ಕಳಿಗೂ ಸಿಕ್ಕಿತು. ಇಂಥ ಮಕ್ಕಳು ಬಂದದ್ದರಿಂದ ಶಾಲೆಗೆ ಲಾಭವಾಯಿತು ಎಂಬ ಭಾವ ಮೂಡಲು ಇದಕ್ಕಿಂತ ಸರಳ ಉಪಾಯ ಕಾಣುವುದಿಲ್ಲ. ನಗದು ಕೊಡಲೇಬೇಕಾದರೆ ಮಗುವಿನ ಕೈಗೆ ಕೊಡಬೇಡಿ, ಮನೆಯ ಖರ್ಚಿಗೆ ಸಣ್ಣ ಕಂತಿನಲ್ಲಿ ಹೋಗಲಿ.

ಹಣೆಪಟ್ಟಿಯೂ ಕೊಟ್ಟದ್ದರಲ್ಲೇ ಸೇರುತ್ತದೆ. ನೇಪಾಳದಲ್ಲಿ 2007ರ ಪರಿಶೀಲನೆಯಲ್ಲಿ ಮಾವೋವಾದಿ ಶಿಬಿರಗಳ 4,008 ಜನ ‘ಅನರ್ಹ’ರಾದರು, ಅವರಲ್ಲಿ 2,973 ಮಂದಿ ಕದನವಿರಾಮದ ವೇಳೆಗೆ 18 ತುಂಬದವರು. ಬಿಡುಗಡೆ ಶುರುವಾದದ್ದು 2010ರ ಜನವರಿಯಲ್ಲಿ. ಅಷ್ಟರಲ್ಲಿ ಅವರು ಯುವಕರಾಗಿದ್ದರು. ತರಬೇತಿ, ಶಿಕ್ಷಣದ ಅವಕಾಶ ಮುಂದಿಟ್ಟರೂ ‘ಅನರ್ಹ’ ಎಂಬ ಹಣೆಪಟ್ಟಿ ಹೊತ್ತು ಊರಿಗೆ ಹೋಗುವುದು ಅವರಿಗೆ ಅವಮಾನವಾಗಿ ಕಂಡಿತು.

ಕಸುಬಿನ ತರಬೇತಿಯಲ್ಲಿ ಮತ್ತೆಮತ್ತೆ ಆಗುವ ಎಡವಟ್ಟು, ಎಲ್ಲರಿಗೂ ಹೊಲಿಗೆ, ಎಲ್ಲರಿಗೂ ಬಡಗಿತನ. ತರಬೇತಿಗೆ ಮೊದಲು ಪೇಟೆ ಸುತ್ತಬೇಕು. ಕುಮಟಾ ಅಥವಾ ಅಂಕೋಲಾ ಪೇಟೆಯಲ್ಲಿ ಒಂದು ದಿನ ನಡೆದು ನೋಡಿ: ಟೇಲರ್ ಎಷ್ಟು, ದೋಣಿ ಇಂಜಿನ್ ರಿಪೇರಿಯವರು ಎಷ್ಟು, ಬಲೆ ಹೆಣೆಯುವವರು ಸಿಗದೆ ಯಾರು ಕಾಯುತ್ತಿದ್ದಾರೆ, ಅಡಿಕೆ ಸುಲಿಯಲು ಆಳು ಸಿಗದ್ದು ಯಾವ ತಿಂಗಳು. ಇದೇ ನಮೂನೆಯನ್ನು ಉತ್ತರ ಉಗಾಂಡಾದ ಗುಲುವಿನ ಪೇಟೆಯಲ್ಲೂ ತುಂಬಬಹುದು.

ಮನೆ ಬಾಗಿಲಲ್ಲಿ

ಉತ್ತರ ಉಗಾಂಡಾದ ಅಚೋಲಿ ಜನರಲ್ಲಿ ಬಹುಕಾಲ ಹೊರಗಿದ್ದು ಬಂದವರು ಹಸಿ ಮೊಟ್ಟೆ ತುಳಿದು ಮನೆಯಂಗಳಕ್ಕೆ ಕಾಲಿಡುತ್ತಾರೆ. ಜೊತೆಗೆ ಒಪೋಬೋ ಎಂಬ ಮರದ ರೆಂಬೆ, ಕಣಜದ ಬಾಗಿಲೆತ್ತುವ ಲಯಿಬಿ ಕೋಲು. ಕೋಲು ಇರುವುದು ಇನ್ನು ಈ ಮನೆಯಲ್ಲಿ ಒಟ್ಟಿಗೆ ಉಣ್ಣುತ್ತೀರಿ ಎನ್ನಲು. ಬಂಡುಕೋರರಿಂದ ಬಿಡಿಸಿಕೊಂಡು ಬಂದ ಮಕ್ಕಳಿಗೂ ಇದನ್ನು ಮಾಡಿದರು. ಹಿರಿಯರು ಎಲ್ಲರ ಎದುರು ಒಪ್ಪಿಕೊಂಡದ್ದು ಕೇರಿಯ ಬಾಯಿ ಸ್ವಲ್ಪ ಮುಚ್ಚಿಸುತ್ತದೆ. ಆದರೆ ಇದನ್ನು ಸಂಸ್ಥೆ ಏರ್ಪಡಿಸಬಾರದು. ಮಗು, ಮನೆಯವರು ಬೇಡವೆಂದರೆ ಅಲ್ಲಿಗೆ ಬಿಡಬೇಕು. ಕೂಸಿನೊಂದಿಗೆ ಬಂದ ಹುಡುಗಿಯನ್ನು ಒಪ್ಪಿ ಕೂಸನ್ನು ಒಪ್ಪದ ಮನೆಗಳೂ ಇರುತ್ತವೆ. ಅಂಥಲ್ಲಿ ಅಜ್ಜಿ, ಸೋದರತ್ತೆಯರ ಜೊತೆ ಬೇರೆಯಾಗಿ ಕೂತು ಮಾತಾಡಬೇಕು.

ಭೇಟಿಗಳಿಗೆ ನಮಗೆ ಸರಿಕಾಣುವ ಅಂತರ: ಮೊದಲ ತಿಂಗಳು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಲಾಂಛನದ ಜೀಪು ಮನೆ ಮುಂದೆ ನಿಲ್ಲಿಸಬೇಡಿ, ದೂರದಲ್ಲಿ ಬಿಟ್ಟು ನಡೆದು ಹೋಗಿ. ‘ಚೆನ್ನಾಗಿದ್ದೀಯಾ?’ ಎಂದರೆ ‘ಹೂಂ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ನೋಡಿ: ಎಲ್ಲರ ಜೊತೆ ಉಣ್ಣುತ್ತಾನೆಯೇ, ಅಂಗಡಿಗೆ ಒಬ್ಬನನ್ನೇ ಕಳಿಸುತ್ತಾರೆಯೇ, ಊರ ಹಬ್ಬದಲ್ಲಿ ಎಲ್ಲಿ ನಿಂತಿರುತ್ತಾನೆ, ಹಳೆಯ ಕಮಾಂಡರ್ ಊರಿಗೆ ಬಂದು ಹೋಗುತ್ತಾನೆಯೇ. ಕೊನೆಯದಕ್ಕೆ ಹೌದೆಂದಾದರೆ ಅದೇ ದಿನ ಮೇಲಿನವರಿಗೆ ವರದಿ ಹೋಗಬೇಕು.

18 ತುಂಬಿದ ದಿನ ಕಡತ ಮುಚ್ಚುವ ಅವಸರ ಬೇಡ. ಸಂಸ್ಥೆಯ ಪಾಲನೆಯಿಂದ ಹೊರಬಿದ್ದವರಿಗೆ ನಮ್ಮ ಬಾಲನ್ಯಾಯ ಕಾಯ್ದೆಯ 46ನೇ ಕಲಮು 21ರವರೆಗೆ ಅನುಪಾಲನೆಗೆ (ಹೊರಬಂದ ನಂತರದ ನೆರವಿಗೆ) ಅವಕಾಶ ಕೊಡುತ್ತದೆ; ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿಯನ್ನು ಕೆಲವು ತಿಂಗಳು ಮೊದಲೇ ಸಲ್ಲಿಸಿ.